ಸೂಪರ್‌ಚಾರ್ಜರ್ ಗಾಡಿಗೆ ದೊಡ್ಡ ಮ್ಯಾಫ್ ಪೈಪ್: 5200 ಆರ್‌ಪಿಎಂ ಮೇಲೆ ಲೀನ್ ಆಗುತ್ತಿದೆ

ತುಂಗಾತೀರದವ · ಶಿವಮೊಗ್ಗ

ಗಾಡಿಯ ವಿವರ ಮೊದಲು. 1.8 ಲೀಟರ್, ನಾಲ್ಕು ಸಿಲಿಂಡರ್ ಪೆಟ್ರೋಲ್ ಸೆಡಾನ್. ಸೂಪರ್‌ಚಾರ್ಜರ್ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಪಂಪ್) ಈಟನ್ ಎಂ45, ಹಳೆಯ ಮಿನಿ ಕೂಪರ್ ಎಸ್‌ನಿಂದ ಬಿಚ್ಚಿದ್ದು. ಪುಲ್ಲಿ ಅನುಪಾತ 1.75, ಅಂದರೆ ಎಂಜಿನ್ ಒಂದು ಸುತ್ತಿಗೆ ಅದು 1.75 ಸುತ್ತು. ಇಂಟರ್‌ಕೂಲರ್ ಇದೆ. ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಮೆಗಾಸ್ಕ್ವರ್ಟ್ ಎಂಎಸ್3. ಪೆಟ್ರೋಲ್ ಎಷ್ಟು ಬಿಡಬೇಕು ಅನ್ನುವ ಲೆಕ್ಕ ಮ್ಯಾಫ್, ಅಂದರೆ ಗಾಳಿಯ ತೂಕ ಅಳೆಯುವ ಸೆನ್ಸರ್ ನೋಡಿ ನಡೆಯುತ್ತದೆ. ಸ್ಪಾರ್ಕ್ ಟೈಮಿಂಗ್ ಮಾತ್ರ ಮ್ಯಾನಿಫೋಲ್ಡ್ ಪ್ರೆಶರ್ ನೋಡಿ.

ಮ್ಯಾಫ್ ಇನ್ನೂ ಕಂಪನಿ ಕೊಟ್ಟಿದ್ದೇ. 60 ಮಿ.ಮೀ. ಒಳ ಅಳತೆಯ ಪೈಪಿನಲ್ಲಿ ಕೂತಿದೆ. ಫುಲ್ ಥ್ರಾಟಲ್ ಕೊಟ್ಟರೆ 5200 ಆರ್‌ಪಿಎಂ ಹತ್ತಿರ ವೋಲ್ಟೇಜ್ 4.9ಕ್ಕೆ ಹೋಗುತ್ತದೆ, ಆಮೇಲೆ ಅಲ್ಲಾಡುವುದಿಲ್ಲ. 6000 ತಲುಪುವಾಗ ವೈಡ್‌ಬ್ಯಾಂಡ್‌ನಲ್ಲಿ (ಎಕ್ಸಾಸ್ಟ್‌ನಲ್ಲಿ ಕೂತ ಆಮ್ಲಜನಕದ ಸೆನ್ಸರ್) ಲ್ಯಾಮ್ಡಾ 0.92. ಲ್ಯಾಮ್ಡಾ 1 ಅಂದರೆ ಗಾಳಿಗೆ ತಕ್ಕಷ್ಟೇ ಪೆಟ್ರೋಲ್; ಅದಕ್ಕಿಂತ ಇಳಿದಷ್ಟೂ ಪೆಟ್ರೋಲ್ ಜಾಸ್ತಿ (ರಿಚ್), ಏರಿದಷ್ಟೂ ಕಮ್ಮಿ (ಲೀನ್). ನಾನು ಟೇಬಲ್‌ನಲ್ಲಿ ಕೇಳಿರುವುದು 0.80.

ಇನ್ನೊಂದು ವಿಚಿತ್ರ. ಆಗುಂಬೆ ಇಳಿದು ಉಡುಪಿ ಕಡೆ ಹೋದರೆ ಇದೇ ತೊಂದರೆ 4850ಕ್ಕೇ ಶುರುವಾಗುತ್ತದೆ. ಘಾಟಿ ಹತ್ತಿ ಮೇಲೆ ಬಂದರೆ ಮತ್ತೆ 5200.

76 ಮಿ.ಮೀ. ಪೈಪ್ ಮಾಡಿಸಿ ಅದೇ ಸೆನ್ಸರನ್ನು ಅದರಲ್ಲಿ ಕೂರಿಸೋಣ ಅಂತಿದ್ದೇನೆ. ಮಾಡಿದವರು ಯಾರಾದರೂ ಇದ್ದೀರಾ?

ಸಾಗರ ಗ್ಯಾರೇಜ್

ಅಣ್ಣಾ, ಮೊದಲು ಸೆನ್ಸರ್ ಕ್ಲೀನ್ ಮಾಡಿ. ಜಾಸ್ತಿ ಸಲ ಬರೀ ಧೂಳು, ಎಣ್ಣೆ ಜಿಡ್ಡು. ಇಲ್ಲ ಅಂದರೆ ಕನೆಕ್ಟರ್ ತೆಗೆದು ಓಡಿಸಿ ನೋಡಿ. ನಮ್ಮಲ್ಲಿಗೆ ಬರುವ ಡೀಸೆಲ್ ಗಾಡಿಗಳಲ್ಲಿ ಮ್ಯಾಫ್ ಕಿತ್ತರೂ ಆರಾಮಾಗಿ ಓಡುತ್ತವೆ. ಕೆಲವದಕ್ಕೆ ಪಿಕಪ್ ಇನ್ನೂ ಚೆನ್ನಾಗಿ ಬರುತ್ತದೆ.

ಲ್ಯಾಮ್ಡಾ ಒಂದು · ಕೊಪ್ಪ, ಈಗ ಬೆಂಗಳೂರು

ದಯವಿಟ್ಟು ಕನೆಕ್ಟರ್ ಕೀಳಬೇಡಿ. ಡೀಸೆಲ್‌ನಲ್ಲಿ ಇಂಧನ ಎಷ್ಟು ಅನ್ನುವುದು ಮುಖ್ಯವಾಗಿ ಪೆಡಲ್ ಮೇಲೆ ನಿಂತಿದೆ. ಅಲ್ಲಿ ಮ್ಯಾಫ್ ಇರುವುದು ಹೆಚ್ಚಾಗಿ ಇಜಿಆರ್ (ಎಕ್ಸಾಸ್ಟ್ ಹೊಗೆಯ ಒಂದು ಪಾಲನ್ನು ಎಂಜಿನ್‌ಗೆ ವಾಪಸ್ ಬಿಡುವ ವಾಲ್ವ್) ಹಿಡಿತಕ್ಕೆ ಮತ್ತು ಹೊಗೆ ಕಮ್ಮಿ ಮಾಡುವುದಕ್ಕೆ. ಕಿತ್ತರೆ ಇಜಿಆರ್ ಮುಚ್ಚಿಕೊಳ್ಳುತ್ತದೆ, ಅದಕ್ಕೇ ಪಿಕಪ್ ಬಂದ ಹಾಗೆ ಅನ್ನಿಸುತ್ತದೆ. ಈ ಗಾಡಿಯಲ್ಲಿ ಪೆಟ್ರೋಲಿನ ಲೆಕ್ಕ ಪೂರ್ತಿ ಮ್ಯಾಫ್ ಮೇಲೇ ನಿಂತಿದೆ. ಬೂಸ್ಟ್‌ನಲ್ಲಿ, ಅಂದರೆ ಸೂಪರ್‌ಚಾರ್ಜರ್ ಗಾಳಿ ಒತ್ತುತ್ತಿರುವಾಗ, ಕಿತ್ತರೆ ಪಿಸ್ಟನ್‌ಗೆ ಆಪತ್ತು.

ಕ್ಲೀನ್ ಮಾಡುವುದರಲ್ಲಿ ತಪ್ಪೇನಿಲ್ಲ. ಆದರೆ ಜಿಡ್ಡು ಹಿಡಿದ ಸೆನ್ಸರ್ ಸಾಮಾನ್ಯವಾಗಿ ಗಾಳಿಯನ್ನು ಕಮ್ಮಿ ತೋರಿಸುತ್ತದೆ. 4.9ಕ್ಕೆ ಹೋಗಿ ಗೋಡೆ ಕಟ್ಟಿದ ಹಾಗೆ ನಿಲ್ಲುವುದಿಲ್ಲ. ಮ್ಯಾಫ್‌ಗೆ ಅಂತಲೇ ಬರುವ ಸ್ಪ್ರೇ ಮಾತ್ರ ಬಳಸಿ, ಕಾರ್ಬ್ ಕ್ಲೀನರ್ ಬೇಡ.

ಈಗ ನಿಮ್ಮ ಲೆಕ್ಕ. ಎಂ45 ಒಂದು ಸುತ್ತಿಗೆ ಸುಮಾರು 737 ಸಿಸಿ ಗಾಳಿ ನೂಕುತ್ತದೆ. 1.75 ಪುಲ್ಲಿಯಲ್ಲಿ ಎಂಜಿನ್ ಒಂದು ಸುತ್ತಿಗೆ 1290 ಸಿಸಿ. 6000 ಆರ್‌ಪಿಎಂಗೆ ನಿಮಿಷಕ್ಕೆ 7740 ಲೀಟರ್. ಒಳಗೆ ಸೋರುವುದನ್ನು ಕಳೆದು ಶೇ 85 ಹಿಡಿಯೋಣ, 6580 ಲೀಟರ್. ಶಿವಮೊಗ್ಗ ಸಮುದ್ರ ಮಟ್ಟದಿಂದ ಸುಮಾರು 570 ಮೀಟರ್ ಎತ್ತರ. 30 ಡಿಗ್ರಿ ಬಿಸಿಲಲ್ಲಿ ಅಲ್ಲಿನ ಒಂದು ಲೀಟರ್ ಗಾಳಿಯ ತೂಕ ಹತ್ತಿರಹತ್ತಿರ 1.09 ಗ್ರಾಂ. ಅಲ್ಲಿಗೆ ಸೆಕೆಂಡಿಗೆ 119 ಗ್ರಾಂ ಆಯಿತು.

ನಿಮ್ಮ ಸೆನ್ಸರ್ 5200ರಲ್ಲಿ ನಿಂತಿದೆ. ಅಂದರೆ ಅದರ ಮಿತಿ ಸುಮಾರು 103 ಗ್ರಾಂ. ಆಮೇಲೆ 119 ಬಂದರೂ ಇಸಿಯು 103ಕ್ಕೇ ಪೆಟ್ರೋಲ್ ಬಿಡುತ್ತದೆ. 0.80 ಇಂಟು 119 ಭಾಗಿಸು 103, ಎಷ್ಟಾಯಿತು? 0.92. ನಿಮ್ಮ ವೈಡ್‌ಬ್ಯಾಂಡ್ ತೋರಿಸಿದ್ದೂ ಅಷ್ಟೇ. ಹಾಗಾಗಿ ಪೆಟ್ರೋಲ್ ಪಂಪ್ ಮೇಲೆ ಸಂಶಯ ಬೇಡ. ಪಂಪ್ ಸೋತಿದ್ದರೆ ಲ್ಯಾಮ್ಡಾ ಏರುವಾಗ ಮ್ಯಾಫ್ ವೋಲ್ಟೇಜ್ ಕೂಡ ಏರುತ್ತಲೇ ಇರುತ್ತಿತ್ತು.

ಉಡುಪಿಯ ವಿಚಿತ್ರಕ್ಕೂ ಇಲ್ಲೇ ಉತ್ತರ ಇದೆ. ಅದೇ 30 ಡಿಗ್ರಿಗೆ ಕಡಲ ಮಟ್ಟದಲ್ಲಿ ಲೀಟರಿಗೆ 1.165 ಗ್ರಾಂ. ಶೇ 7 ಜಾಸ್ತಿ. 6000ಕ್ಕೆ 127 ಗ್ರಾಂ. 103 ಅನ್ನುವ ಗೋಡೆ ಅಲ್ಲಿ ಬೇಗ ಸಿಗುತ್ತದೆ. ಹಾಗೇ ಎಳೆದರೆ 6000ರಲ್ಲಿ ಲ್ಯಾಮ್ಡಾ 0.99 ಹತ್ತಿರ. ಕೆಳಗೆ ಹೋದಾಗ ಕಾಲು ಬಿಗಿ ಹಿಡಿಯಿರಿ.

ಅಡಿಕೆತೋಟ · ತೀರ್ಥಹಳ್ಳಿ

ಅಂದರೆ ನಮ್ಮ ಮಂಡಿ ಕಥೆ. ನೂರು ಕೆಜಿ ತಕ್ಕಡಿ ಮೇಲೆ ನೂರಿಪ್ಪತ್ತು ಕೆಜಿ ಅಡಿಕೆ ಇಟ್ಟರೆ ಮುಳ್ಳು ನೂರಕ್ಕೇ ನಿಲ್ಲುತ್ತದೆ, ದುಡ್ಡೂ ನೂರಕ್ಕೇ ಬರುತ್ತದೆ. ದೊಡ್ಡ ತಕ್ಕಡಿ ತಂದರೆ ಅಡಿಕೆ ಜಾಸ್ತಿ ಆಗುವುದಿಲ್ಲ ಮಾರಾಯ್ರೆ, ಅಷ್ಟು ನೆನಪಿರಲಿ.

ರೇಟ್ ಹೀಗಿರುವಾಗ ಕಾರಿಗೆ ಸೂಪರ್‌ಚಾರ್ಜರ್ ಹಾಕುವವರನ್ನು ನೋಡಿ ಹೊಟ್ಟೆ ಉರಿಯುತ್ತದೆ, ಅದು ಬೇರೆ ಮಾತು.

ತುಂಗಾತೀರದವ

ಹಹ. ಬೇಗ ಬನ್ನಿ, ಒಂದು ರೌಂಡ್ ಕೊಡಿಸುತ್ತೇನೆ.

ಲ್ಯಾಮ್ಡಾ ಸರ್, ತುಂಬಾ ಥ್ಯಾಂಕ್ಸ್. ಚಳಿಗಾಲದ ಬೆಳಿಗ್ಗೆ ಹೊತ್ತು ಶಿವಮೊಗ್ಗದಲ್ಲೇ ಸ್ವಲ್ಪ ಬೇಗ ನಿಲ್ಲುತ್ತಿತ್ತು. ಅದೂ ಇದೇ ಕಾರಣಕ್ಕಾ?

ಲ್ಯಾಮ್ಡಾ ಒಂದು

ಹೌದು. 15 ಡಿಗ್ರಿಗೆ ನಿಮ್ಮೂರ ಗಾಳಿ ಶೇ 5 ಭಾರ.

ಘಾಟಿ14 · ಆಗುಂಬೆ

ನನಗೆ ಒಂದು ಅರ್ಥವಾಗುತ್ತಿಲ್ಲ. ಮೆಗಾಸ್ಕ್ವರ್ಟ್ ಇದೆ, ಮ್ಯಾನಿಫೋಲ್ಡ್ ಪ್ರೆಶರ್ ಸೆನ್ಸರ್ ಇದೆ. ಮ್ಯಾಫನ್ನೇ ಕಿತ್ತು ಸ್ಪೀಡ್ ಡೆನ್ಸಿಟಿಗೆ, ಅಂದರೆ ಪ್ರೆಶರ್ ನೋಡಿ ಗಾಳಿ ಅಂದಾಜು ಮಾಡುವ ಲೆಕ್ಕಕ್ಕೆ, ಹೋಗಬಾರದಾ? ಪೈಪ್ ಕಿರಿಕಿರಿ ಇಲ್ಲ, ಗಾಳಿಗೆ ಅಡ್ಡ ಇಲ್ಲ. ಇದೇ ಸೂಪರ್‌ಚಾರ್ಜರ್ ಬಂದ ಮಿನಿ ಕೂಡ ಪ್ರೆಶರ್ ಸೆನ್ಸರ್ ಮೇಲೇ ಓಡುತ್ತದೆ.

ತುಂಗಾತೀರದವ

ನಾನು ವಾರಕ್ಕೊಮ್ಮೆಯಾದರೂ ಘಾಟಿ ಹತ್ತಿ ಇಳಿಯುವವನು. ಮ್ಯಾಫ್ ಆದರೆ ಎತ್ತರದ ಲೆಕ್ಕ ತಾನೇ ಸರಿಮಾಡಿಕೊಳ್ಳುತ್ತದೆ ಅಂತ.

ಲ್ಯಾಮ್ಡಾ ಒಂದು

ಘಾಟಿ14 ಹೇಳಿದ್ದು ಸರಿಯಾದ ದಾರಿಯೇ. ಮತ್ತೆ ತುಂಗಾ ಅವರೇ, ಎತ್ತರದ ಕಾರಣ ಇಲ್ಲಿ ಅಷ್ಟು ಗಟ್ಟಿಯಲ್ಲ. ಮ್ಯಾನಿಫೋಲ್ಡ್ ಸೆನ್ಸರ್ ಅಳೆಯುವುದು ಪೂರ್ತಿ ಒತ್ತಡ. ಮುಳ್ಳಯ್ಯನಗಿರಿ ರಸ್ತೆ ಹತ್ತಿದರೆ ಅದೂ ಕಮ್ಮಿ ತೋರಿಸುತ್ತದೆ, ಪೆಟ್ರೋಲೂ ಕಮ್ಮಿಯಾಗುತ್ತದೆ. ಎಕ್ಸಾಸ್ಟ್ ಕಡೆ ಒತ್ತಡ ಇಳಿಯುವುದರಿಂದ ಬರುವ ಸಣ್ಣ ವ್ಯತ್ಯಾಸಕ್ಕೆ ಬ್ಯಾರೋ ಕರೆಕ್ಷನ್ (ಹೊರಗಿನ ಗಾಳಿಯ ಒತ್ತಡ ನೋಡಿ ತಿದ್ದುವುದು) ಸಾಕು.

ಆದರೂ ನಾನಾಗಿದ್ದರೆ ಮ್ಯಾಫ್ ಉಳಿಸಿಕೊಳ್ಳುತ್ತಿದ್ದೆ. ಕಾರಣ ಬೇರೆ. ಸ್ಪೀಡ್ ಡೆನ್ಸಿಟಿಯಲ್ಲಿ ಇಸಿಯು ಗಾಳಿಯನ್ನು ಅಳೆಯುವುದಿಲ್ಲ. ಒತ್ತಡ, ಆರ್‌ಪಿಎಂ, ಗಾಳಿಯ ಬಿಸಿ ನೋಡಿ, ನೀವು ತುಂಬಿದ ವಿಇ ಟೇಬಲ್ (ಸಿಲಿಂಡರ್ ಎಷ್ಟು ಪಾಲು ತುಂಬುತ್ತದೆ ಅನ್ನುವ ಪಟ್ಟಿ) ನಂಬಿ ಅಂದಾಜು ಮಾಡುತ್ತದೆ. ಇವತ್ತು ಎಕ್ಸಾಸ್ಟ್ ಬದಲಿಸಿದಿರಿ, ನಾಳೆ ಕ್ಯಾಮ್ ಬದಲಿಸಿದಿರಿ, ಆ ಟೇಬಲ್ ಮತ್ತೆ ಕೆಲಸ ಕೇಳುತ್ತದೆ. ಮ್ಯಾಫ್‌ನಲ್ಲಿ ಕರ್ವ್ (ಯಾವ ವೋಲ್ಟೇಜ್‌ಗೆ ಎಷ್ಟು ಗಾಳಿ ಅನ್ನುವ ಪಟ್ಟಿ) ಒಮ್ಮೆ ಸರಿ ಕೂತರೆ ಎಂಜಿನ್ ಏನಾದರೂ ಆಗಲಿ, ಒಳಗೆ ಹೋದ ಗಾಳಿ ಎಷ್ಟು ಅಂತ ಅದು ಹೇಳುತ್ತದೆ. ಪಾರ್ಟ್ಸ್ ಬದಲಿಸುತ್ತಲೇ ಇರುವ ಚಟದವರಿಗೆ ಇದು ಒಳ್ಳೆಯದು. ನಿಮ್ಮ ಪೋಸ್ಟ್ ಓದಿದರೆ ನೀವು ಆ ಪೈಕಿ ಅನ್ನಿಸಿತು.

ಸ್ಪಾರ್ಕನ್ನು ಪ್ರೆಶರ್ ಮೇಲೆ ಇಟ್ಟಿದ್ದೀರಿ, ಅದು ತುಂಬಾ ಒಳ್ಳೆಯದಾಯಿತು. ಕಂಪನಿ ಇಸಿಯುಗಳಲ್ಲಿ ಬಹಳಷ್ಟು ಸಲ ಲೋಡ್ ಲೆಕ್ಕವೂ ಮ್ಯಾಫ್‌ನಿಂದಲೇ ಬರುತ್ತದೆ. ಅಲ್ಲಿ ಸೆನ್ಸರ್ ಮಿತಿ ಮುಟ್ಟಿದರೆ ಎರಡು ಹೊಡೆತ ಒಟ್ಟಿಗೆ. ಪೆಟ್ರೋಲ್ ಕಮ್ಮಿ, ಜೊತೆಗೆ ಲೋಡ್ ಕಮ್ಮಿ ಅಂದುಕೊಂಡು ಸ್ಪಾರ್ಕ್ ಬೇಗ ಬರುತ್ತದೆ. ನಾಕಿಂಗ್ ಶುರು, ಅಂದರೆ ಸಿಲಿಂಡರ್ ಒಳಗೆ ಪೆಟ್ರೋಲ್ ತಾನೇ ಸಿಡಿಯುವುದು. ದೊಡ್ಡ ಇಂಜೆಕ್ಟರ್ ಹಾಕಿ, ಅದಕ್ಕೆ ಸರಿಯಾಗಲಿ ಅಂತ ಮ್ಯಾಫ್ ಸಿಗ್ನಲ್ಲನ್ನೇ ತಗ್ಗಿಸುವ ಪುಟ್ಟ ಬಾಕ್ಸ್‌ಗಳು ಬರುತ್ತವಲ್ಲ, ಅವುಗಳ ತೊಂದರೆಯೂ ಇದೇ. ಅಂಥದ್ದು ಯಾರಾದರೂ ಮಾರಲು ಬಂದರೆ ಟೀ ಕೊಡಿಸಿ ಕಳಿಸಿ.

ಲೇತ್ ಕೆಲಸ · ಮಾಚೇನಹಳ್ಳಿ

ಪೈಪಿನ ವಿಷಯ ನಾನು ಹೇಳುತ್ತೇನೆ. 76 ಅಂತ ಎಲ್ಲರೂ ಹೇಳುವುದು ಹೊರ ಅಳತೆ. ಮೂರು ಇಂಚು ಅಲ್ಯೂಮಿನಿಯಂ ಪೈಪ್, ದಪ್ಪ 2 ಮಿ.ಮೀ. ಇದ್ದರೆ ಒಳಗೆ ಉಳಿಯುವುದು 72 ಚಿಲ್ಲರೆ. ಗಾಳಿಗೆ ಬೇಕಾಗಿರುವುದು ಆ 72.

ಸೆನ್ಸರ್ ಕೂರುವ ಜಾಗಕ್ಕೆ ಚಪ್ಪಟೆ ಪ್ಯಾಡ್ ಮಿಲ್ಲಿಂಗ್ ಮಾಡಿಸಿ, ಆರ್ಗಾನ್ ವೆಲ್ಡಿಂಗ್ ಹಾಕಿಸಿ. ವೆಲ್ಡಿಂಗ್ ಆದಮೇಲೆ ಒಳಗೆ ಕೈಹಾಕಿ ನೋಡಿ. ಮಣಿ ಕಟ್ಟಿದ್ದರೆ ಉಜ್ಜಿ ತೆಗೆಸಿ. ಪ್ಯಾಡ್ ಎತ್ತರ ಜಾಸ್ತಿ ಇಡಬೇಡಿ. ಸೆನ್ಸರಿನ ಕಿಂಡಿ ಪೈಪಿನ ನಡುವಿಗೆ ಸಾಧ್ಯವಾದಷ್ಟು ಹತ್ತಿರ ಬರಬೇಕು. ದೊಡ್ಡ ಪೈಪಿನಲ್ಲಿ ಅದು ಮೊದಲಿನಷ್ಟು ಒಳಗೆ ತಲುಪುವುದಿಲ್ಲ.

ಶಿವಮೊಗ್ಗದಲ್ಲಿ ಫೌಂಡ್ರಿ, ಮಷೀನ್ ಶಾಪ್‌ಗಳಿಗೆ ಬರವೇ? ಇಂಥ ಒಂದು ತುಂಡಿಗೆ ಬೆಂಗಳೂರಿಗೆ ಹೋಗುವ ಅಗತ್ಯ ಇಲ್ಲ. 3ಡಿ ಪ್ರಿಂಟ್ ಮಾಡಿಸುತ್ತೇನೆ ಅನ್ನುವವರು ಪಿಎಲ್‌ಎ ಪ್ಲಾಸ್ಟಿಕ್ ಬಳಸಬೇಡಿ, ಬಾನೆಟ್ ಬಿಸಿಗೆ ಸೊಟ್ಟಗಾಗುತ್ತದೆ.

ಲ್ಯಾಮ್ಡಾ ಒಂದು

72.2 ಹಿಡಿದರೆ 60ಕ್ಕೆ ಹೋಲಿಸಿ ಗಾಳಿ ಹೋಗುವ ಬಾಯಿಯ ವಿಸ್ತೀರ್ಣ 1.45 ಪಟ್ಟು. ವ್ಯಾಸವಲ್ಲ, ವ್ಯಾಸದ ವರ್ಗ ಲೆಕ್ಕಕ್ಕೆ ಬರುವುದು. ಹೊಸ ಮಿತಿ ಸುಮಾರು 149 ಗ್ರಾಂ. ಕಡಲ ಮಟ್ಟ, ತಂಪು ಬೆಳಿಗ್ಗೆ ಸೇರಿಸಿದರೂ ನಿಮಗೆ 132 ಸಾಕು. ಅದಕ್ಕಿಂತ ದೊಡ್ಡದು ಬೇಡ. ಪೈಪ್ ಹಿಗ್ಗಿದಷ್ಟೂ ಐಡಲ್‌ನಲ್ಲಿ ಗಾಳಿಯ ವೇಗ ಇಳಿಯುತ್ತದೆ, ಸೆನ್ಸರಿಗೆ ಸರಿಯಾಗಿ ಕಾಣುವುದಿಲ್ಲ. ಮೇಲೆ ಸಿಕ್ಕಿದ್ದನ್ನು ಕೆಳಗೆ ಕಳೆದುಕೊಳ್ಳುತ್ತೀರಿ.

ಮುಖ್ಯವಾದದ್ದು: ಪೈಪ್ ಹಾಕಿದ ಮೇಲೆ ಕರ್ವ್ ಬದಲಿಸದೆ ಗಾಡಿ ಸ್ಟಾರ್ಟ್ ಮಾಡಬೇಡಿ. ಅಷ್ಟೇ ಗಾಳಿಗೆ ಈಗ ವೋಲ್ಟೇಜ್ ಕಮ್ಮಿ ಬರುತ್ತದೆ. ಹಳೆಯ ಕರ್ವ್ ಇದ್ದರೆ ಎಲ್ಲ ಕಡೆ ಲೀನ್. ಮೊದಲಿಗೆ ಇಡೀ ಟೇಬಲನ್ನು 1.45ರಿಂದ ಗುಣಿಸಿ. ಅದು ಬರೀ ಶುರು.

ಆರ್‌ಸಿ ಬುಕ್ · ಭದ್ರಾವತಿ

ಮಧ್ಯೆ ಬಾಯಿ ಹಾಕುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಪ್ರಕಾರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಮ್ಯಾಫ್ ಪೈಪ್ ಸಣ್ಣ ವಿಷಯ, ಸೂಪರ್‌ಚಾರ್ಜರ್ ಅಲ್ಲ. ಇನ್ಶೂರೆನ್ಸ್ ಕ್ಲೇಮ್ ಬಂದಾಗ ಗೊತ್ತಾಗುತ್ತದೆ.

ತುಂಗಾತೀರದವ

ಸರಿಯಾದ ಮಾತು. ಟ್ರ್ಯಾಕ್‌ಗೆ ಅಂತಲೇ ಇಡುವ ಯೋಚನೆ ಇದೆ. ಅದರ ಚರ್ಚೆ ಬೇರೆ ಕಡೆ ಮಾಡೋಣ.

ತುಂಗಾತೀರದವ · ಮುಂದಿನ ವಾರ

ಪೈಪ್ ಆಯಿತು, ಒಳಗೆ 72.2. ಕರ್ವ್ ಗುಣಿಸಿ ಹಾಕಿದೆ. ಮೇಲಿನ ತೊಂದರೆ ಹೋಯಿತು. ಶಿವಮೊಗ್ಗದಲ್ಲಿ 6000ಕ್ಕೂ ವೋಲ್ಟೇಜ್ ಏರುತ್ತಲೇ ಇದೆ, ನಿಲ್ಲುವುದಿಲ್ಲ.

ಆದರೆ ಐಡಲ್ ಹದಗೆಟ್ಟಿತು. ಆರ್‌ಪಿಎಂ 750ರಿಂದ 1100ರ ನಡುವೆ ಜೋಕಾಲಿ. ಸಿಗ್ನಲ್‌ನಲ್ಲಿ ನಿಂತರೆ ಆಟೋದವರು ತಿರುಗಿ ನೋಡುತ್ತಾರೆ. ಫೋಟೋ ಹಾಕಿದ್ದೇನೆ.

ಘಾಟಿ14

ಫೋಟೋ ನೋಡಿದೆ. ಫಿಲ್ಟರ್ ಆದ ಕೂಡಲೇ 90 ಡಿಗ್ರಿ ಸಿಲಿಕೋನ್ ಬೆಂಡ್, ಬೆಂಡ್ ಮುಗಿದ ಕೂಡಲೇ ಸೆನ್ಸರ್. ಅದೇ ತೊಂದರೆ. ತಿರುವಿನಲ್ಲಿ ಗಾಳಿ ಹೊರ ಅಂಚಿಗೆ ಒತ್ತಿಕೊಂಡು ಹೋಗುತ್ತದೆ. ಸೆನ್ಸರ್ ಒಳ ಅಂಚಿನ ಕಡೆ ಇದೆ. ಅಲ್ಲಿ ಗಾಳಿ ಸುಳಿ ಸುತ್ತುತ್ತಿರುತ್ತದೆ.

ಇನ್ನೆರಡು ಪ್ರಶ್ನೆ. ಸೂಪರ್‌ಚಾರ್ಜರ್ ಬೈಪಾಸ್ ಗಾಳಿ (ಬೂಸ್ಟ್ ಬೇಡದಾಗ ಸುತ್ತಿ ಬರುವುದು) ವಾಪಸ್ ಎಲ್ಲಿ ಸೇರುತ್ತದೆ? ಎಂಜಿನ್ ಒಳಗಿನ ಆವಿ ಹೊರಬಿಡುವ ಬ್ರೀದರ್ ಪೈಪ್ ಎಲ್ಲಿಗೆ ಹೋಗಿದೆ?

ತುಂಗಾತೀರದವ

ಬೈಪಾಸ್ ಥ್ರಾಟಲ್ ಮತ್ತು ಸೂಪರ್‌ಚಾರ್ಜರ್ ನಡುವೆ ಸೇರುತ್ತದೆ. ಬ್ರೀದರ್ ಮ್ಯಾಫ್ ಆದಮೇಲೆ.

ಲ್ಯಾಮ್ಡಾ ಒಂದು

ಎರಡೂ ಸರಿ ಇದೆ. ಬೈಪಾಸ್ ಗಾಳಿ ಒಮ್ಮೆ ಅಳೆದಾದ ಗಾಳಿ. ಅದನ್ನು ಹೊರಗೆ ಬಿಟ್ಟರೆ ರಿಚ್ ಆಗುತ್ತದೆ, ಮ್ಯಾಫ್‌ಗಿಂತ ಮುಂಚೆ ಸೇರಿಸಿದರೆ ಎರಡು ಸಲ ಎಣಿಸಿದ ಹಾಗೆ. ಬ್ರೀದರ್ ಮುಂಚೆ ಬಂದರೆ ಎಣ್ಣೆ ಆವಿ ಸೆನ್ಸರಿಗೆ ಅಂಟುತ್ತದೆ.

ಸೋರಿಕೆ ಕೂಡ ಒಮ್ಮೆ ನೋಡಿ. ಮ್ಯಾಫ್ ಮತ್ತು ಸೂಪರ್‌ಚಾರ್ಜರ್ ನಡುವೆ ತೂತಿದ್ದರೆ ಅಳೆಯದ ಗಾಳಿ ಒಳಗೆ ಬರುತ್ತದೆ, ಲೀನ್. ಸೂಪರ್‌ಚಾರ್ಜರ್ ಆದಮೇಲೆ ತೂತಿದ್ದರೆ ಬೂಸ್ಟ್‌ನಲ್ಲಿ ಅಳೆದ ಗಾಳಿ ಹೊರಗೆ ಹೋಗುತ್ತದೆ, ರಿಚ್. ಲ್ಯಾಮ್ಡಾ ಯಾವ ಕಡೆ ವಾಲಿದೆ ಅಂತ ನೋಡಿದರೆ ತೂತು ಎಲ್ಲಿ ಹುಡುಕಬೇಕು ಅಂತ ಗೊತ್ತಾಗುತ್ತದೆ.

ಬೆಂಡ್ ವಿಷಯದಲ್ಲಿ ಘಾಟಿ14 ಹೇಳಿದ್ದು ನೂರಕ್ಕೆ ನೂರು. ಸೆನ್ಸರಿಗೆ ಮುಂಚೆ ನೇರ ಪೈಪ್ ಎಷ್ಟು ಉದ್ದ ಸಿಕ್ಕರೂ ಒಳ್ಳೆಯದು. ಬಾನೆಟ್ ಒಳಗೆ ವ್ಯಾಸದ ಮೂರು ನಾಲ್ಕು ಪಟ್ಟು ಸಿಕ್ಕರೆ ಪುಣ್ಯ. ಜಾಗ ಇಲ್ಲದಿದ್ದರೆ ಪೈಪಿನ ಬಾಯಿಗೆ ಜೇನುಗೂಡಿನಂಥ ಜಾಲರಿ ಹಾಕಿ. ಪೈಪನ್ನು ಸ್ವಲ್ಪ ತಿರುಗಿಸಿ ಕೂರಿಸಿದರೂ ರೀಡಿಂಗ್ ಬದಲಾಗುತ್ತದೆ. ಹಾಗಾಗಿ ಜಾಗ ಗಟ್ಟಿಯಾದ ಮೇಲೆ ಮಾರ್ಕ್ ಮಾಡಿ. ಪ್ರತಿ ಸಲ ಬಿಚ್ಚಿದಾಗ ಅದೇ ಕೋನಕ್ಕೆ ವಾಪಸ್ ಬರಬೇಕು, ಇಲ್ಲದಿದ್ದರೆ ಕರ್ವ್ ಕೆಲಸ ಎಲ್ಲ ನೀರಲ್ಲಿ ಹೋಮ.

ಆಮೇಲೆ ಕರ್ವ್ ತಿದ್ದುವುದು. ಮ್ಯಾಫ್ ವೋಲ್ಟೇಜ್, ಕೇಳಿದ ಲ್ಯಾಮ್ಡಾ, ಬಂದ ಲ್ಯಾಮ್ಡಾ ಮೂರೂ ಲಾಗ್ ಮಾಡಿ. ಬಂದದ್ದನ್ನು ಕೇಳಿದ್ದರಿಂದ ಭಾಗಿಸಿ. 1.06 ಬಂದರೆ ಆ ವೋಲ್ಟೇಜ್‌ನಲ್ಲಿ ಗಾಳಿ ಶೇ 6 ಕಮ್ಮಿ ಬರೆದಿದ್ದೀರಿ ಅಂತ. ಆ ಜಾಗವನ್ನು ಅಷ್ಟು ಏರಿಸಿ. ಗೇರ್ ಬದಲಿಸುವಾಗ, ಥ್ರಾಟಲ್ ದಿಢೀರ್ ಒತ್ತಿದಾಗ ಬಂದ ಅಂಕಿ ಬಿಟ್ಟುಬಿಡಿ. ಕ್ಲೋಸ್ಡ್ ಲೂಪ್ ಕರೆಕ್ಷನ್ (ಲ್ಯಾಮ್ಡಾ ನೋಡಿ ಇಸಿಯು ತಾನೇ ಪೆಟ್ರೋಲ್ ತಿದ್ದುವುದು) ಆಫ್ ಮಾಡಿ, ಇಲ್ಲವಾದರೆ ಅದನ್ನೂ ಲೆಕ್ಕಕ್ಕೆ ಸೇರಿಸಿ. ಕೊನೆಗೆ ಕರ್ವ್ ನೋಡಿದರೆ ಗುಂಡಗೆ ಏರಬೇಕು. ಮಧ್ಯೆ ಗುಂಡಿ, ದಿಬ್ಬ ಇದ್ದರೆ ಅದು ಗಾಳಿ ಅಲ್ಲ, ಲಾಗ್‌ನ ಕಸ.

ಎಎಫ್‌ಆರ್ (ಗಾಳಿ ಮತ್ತು ಪೆಟ್ರೋಲ್ ತೂಕದ ಅನುಪಾತ) ಬೇಡ, ಲ್ಯಾಮ್ಡಾದಲ್ಲೇ ಕೆಲಸ ಮಾಡಿ. ಈಗ ಬಂಕ್‌ನಲ್ಲಿ ಸಿಗುವುದು ಇ20, ಶೇ 20 ಎಥನಾಲ್ ಬೆರೆತ ಪೆಟ್ರೋಲ್. ಅದರ ಸರಿ ಅನುಪಾತ 14.7 ಅಲ್ಲ, 13.5ರ ಆಸುಪಾಸು. ಹಳೆಯ ಗೇಜ್ ಎಎಫ್‌ಆರ್ ತೋರಿಸಿದರೆ ತಲೆ ಕೆಡುತ್ತದೆ.

ಇದನ್ನೆಲ್ಲ ಘಾಟಿ ತಿರುವಿನಲ್ಲಿ ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಮಾಡಬೇಡಿ. ಬೂಸ್ಟ್ ಭಾಗಕ್ಕೆ ಡೈನೋ (ಗಾಡಿಯನ್ನು ನಿಂತಲ್ಲೇ ಓಡಿಸಿ ಅಳೆಯುವ ಯಂತ್ರ) ಬಾಡಿಗೆ ತಗೊಳ್ಳಿ.

ಅಡಿಕೆತೋಟ

ಮಳೆಗಾಲದ ಮಾತು ಯಾರೂ ಎತ್ತಲಿಲ್ಲ. ಜೂನ್ ಬಂದರೆ ನಮ್ಮ ಕಡೆ ಗಾಳಿಯೋ ನೀರೋ ಗೊತ್ತಾಗುವುದಿಲ್ಲ.

ಘಾಟಿ14

ತೇವ ಇರುವ ಗಾಳಿಯಿಂದ ಬರುವ ತಪ್ಪು ಸಣ್ಣದು. ಹನಿ ಬೇರೆ. ಸೆನ್ಸರಿನ ಬಿಸಿ ಫಿಲ್ಮ್ ಮೇಲೆ ನೀರಿನ ಹನಿ ಬಿದ್ದರೆ ರೀಡಿಂಗ್ ಸಟಕ್ಕನೆ ಮೇಲೆ ಹೋಗುತ್ತದೆ. ಪದೇ ಪದೇ ಆದರೆ ಸೆನ್ಸರೇ ಹೋಗುತ್ತದೆ. ಬಂಪರ್ ಕೆಳಗೆ ತೆರೆದ ಕೋನ್ ಫಿಲ್ಟರ್ ಹಾಕುವ ಶೋಕಿ ಬಯಲುಸೀಮೆಯವರಿಗೆ ಇರಲಿ. ಆಗುಂಬೆ ಮಳೆಗೆ ಕಂಪನಿ ಏರ್ ಬಾಕ್ಸೇ ಸರಿ, ಅಡಿಯಲ್ಲಿ ನೀರು ಹೋಗುವ ತೂತು ಮುಚ್ಚಿಲ್ಲ ಅಂತ ನೋಡಿಕೊಳ್ಳಿ. ಎಣ್ಣೆ ಹಚ್ಚುವ ಫಿಲ್ಟರ್ ಆದರೆ ಕೈ ಹಿಡಿದು ಹಚ್ಚಿ. ಜಾಸ್ತಿಯಾದ ಎಣ್ಣೆ ನೇರ ಸೆನ್ಸರಿಗೆ.

ತುಂಗಾತೀರದವ · ಡೈನೋ ಆದಮೇಲೆ

ಬ್ಯಾಟರಿ ಜಾಗ ಬದಲಿಸಿ ನೇರ ಪೈಪಿಗೆ ಜಾಗ ಮಾಡಿದೆ. ಬಾಯಿಗೆ ಜಾಲರಿ. ಐಡಲ್ ಈಗ 800ಕ್ಕೆ ನಿಂತಿದೆ.

ಕರ್ವ್ ಬಗ್ಗೆ ಒಂದು ಮಾತು. 1.45 ಎಲ್ಲ ಕಡೆ ಸರಿ ಬರಲಿಲ್ಲ. ಮೆಲ್ಲಗೆ ಓಡಿಸುವ ಕಡೆ ಶೇ 8 ಏರಿಸಬೇಕಾಯಿತು, ಮೇಲೆ ಶೇ 3 ಇಳಿಸಬೇಕಾಯಿತು. ಈಗ 6000ರಲ್ಲಿ 0.80 ಕೇಳಿದರೆ 0.80, ಬೇರೆ ಮಾತಿಲ್ಲ. ಪವರ್ ಅಂತ ನೋಡಿದರೆ ಮೊದಲಿಗಿಂತ ಹೇಳಿಕೊಳ್ಳುವಷ್ಟು ಜಾಸ್ತಿ ಇಲ್ಲ. ಅಡಿಕೆತೋಟದವರು ಹೇಳಿದ್ದೇ ಸರಿ.

ಈಗ ಹೊಸ ತಲೆನೋವು. ಉಡುಪಿ ಕಡೆ ಹೋಗಿ ಲಾಗ್ ತೆಗೆದೆ. ಅಲ್ಲಿ 6000ದ ಹತ್ತಿರ ಇಂಜೆಕ್ಟರ್ ಡ್ಯೂಟಿ (ಅದು ತೆರೆದಿರುವ ಹೊತ್ತಿನ ಪಾಲು) ಶೇ 93. ಮೊದಲು 75 ದಾಟಿದ್ದೇ ಇಲ್ಲ. ಇಂಜೆಕ್ಟರ್ ಹಳೆಯದು, ನಿಮಿಷಕ್ಕೆ 250 ಸಿಸಿ.

ಲ್ಯಾಮ್ಡಾ ಒಂದು

ಅದು ಆಗಬೇಕಾದದ್ದೇ. ಮೊದಲು ಇಸಿಯು 103 ಗ್ರಾಂ ಗಾಳಿಗೆ ಮಾತ್ರ ಪೆಟ್ರೋಲ್ ಬಿಡುತ್ತಿತ್ತು, ಹಾಗಾಗಿ ಇಂಜೆಕ್ಟರ್ ಆರಾಮಾಗಿತ್ತು. ಈಗ 127ಕ್ಕೆ ಬಿಡುತ್ತಿದೆ. ಇ20ಗೆ ಲ್ಯಾಮ್ಡಾ 0.80 ಅಂದರೆ ಒಂದು ಭಾಗ ಪೆಟ್ರೋಲಿಗೆ 10.8 ಭಾಗ ಗಾಳಿ. ಒಂದೊಂದು ಇಂಜೆಕ್ಟರಿಗೆ ನಿಮಿಷಕ್ಕೆ 233 ಸಿಸಿ ಬರುತ್ತದೆ. 250ರಲ್ಲಿ ಶೇ 93. ಎಥನಾಲ್ ಇಲ್ಲದ ಪೆಟ್ರೋಲ್ ಆಗಿದ್ದರೆ 86ರ ಹತ್ತಿರ ನಿಲ್ಲುತ್ತಿತ್ತು. ಅದೂ ಜಾಸ್ತಿಯೇ.

80 ದಾಟದ ಹಾಗೆ ಇರಬೇಕು ಅಂದರೆ ಕನಿಷ್ಠ 295 ಸಿಸಿ. 330ರಿಂದ 360ರ ನಡುವೆ ನೋಡಿ. ಅಲ್ಲಿಯವರೆಗೆ ರೆವ್ ಲಿಮಿಟ್ 5000ಕ್ಕೆ ಇಳಿಸಿ. ಪುಲ್ಲಿ ಚಿಕ್ಕದು ಮಾಡುವ ಆಸೆ ಇದ್ದರೆ ಅದನ್ನು ಬದಿಗಿಡಿ.

ಸಾಗರ ಗ್ಯಾರೇಜ್

ನನ್ನ ಹತ್ತಿರ ಬೇರೆ ಗಾಡಿಯಿಂದ ತೆಗೆದ 340 ಸಿಸಿ ಸೆಟ್ ಇದೆ ಅಣ್ಣಾ. ಕ್ಲೀನ್ ಮಾಡಿ ಫ್ಲೋ ನೋಡಿದ್ದೇನೆ, ನಾಲ್ಕೂ ಸಮ ಬಂದಿವೆ. ಕನೆಕ್ಟರ್ ಮಾತ್ರ ಬೇರೆ.

ಲ್ಯಾಮ್ಡಾ ಒಂದು

ಪಾರ್ಟ್ ನಂಬರ್ ಹಾಕಿ ಸರ್. ಡೆಡ್ ಟೈಮ್ (ಕರೆಂಟ್ ಕೊಟ್ಟಮೇಲೆ ಇಂಜೆಕ್ಟರ್ ತೆರೆಯಲು ಹಿಡಿಯುವ ಹೊತ್ತು) ಅಂಕಿ ಸಿಗುತ್ತದಾ ನೋಡೋಣ. ಅದು ಸಿಗದಿದ್ದರೆ ಈಗ ಸರಿಮಾಡಿದ ಐಡಲ್ ಮತ್ತೆ ಕೆಡುತ್ತದೆ. ಆಗ ಎಲ್ಲರೂ ಸೇರಿ ಮ್ಯಾಫ್ ಮೇಲೆ ತಪ್ಪು ಹೊರಿಸುತ್ತಾರೆ.

ತುಂಗಾತೀರದವ

ಶನಿವಾರ ಸಾಗರಕ್ಕೆ ಬರುತ್ತೇನೆ. ಸೆಟ್ ಬೇರೆ ಯಾರಿಗೂ ಕೊಡಬೇಡಿ.